ರಾತ್ರಿಯ ಲೈವ್: ಹಿರೇಕೆರೂರು ಸೀಮೆಯ ಆಟದ ಪ್ರಸಾರಕರು

ವಿಡಿಯೋ ಗೇಮ್ ಆಡುವುದು ಬೇರೆ, ಆಡುತ್ತಲೇ ಅದನ್ನು ಊರಿಗೆಲ್ಲ ತೋರಿಸಿ ಆ ತೋರಿಕೆಯಿಂದ ಹೊಟ್ಟೆ ಹೊರೆಯುವುದು ಬೇರೆ. ಈ ಎರಡನೆಯದನ್ನು ಕಸುಬಾಗಿ ಹಿಡಿದವರನ್ನು ಸ್ಟ್ರೀಮರ್ ಎಂದು ಕರೆಯುತ್ತಾರೆ. ತನ್ನ ಪರದೆಯ ಮೇಲೆ ನಡೆಯುತ್ತಿರುವ ಆಟವನ್ನು, ಅದರ ಮೇಲೆ ತನ್ನ ಮಾತನ್ನು, ಇಷ್ಟವಿದ್ದರೆ ತನ್ನ ಮುಖವನ್ನೂ ಸೇರಿಸಿ ಅಂತರ್ಜಾಲದ ಮೂಲಕ ಅದೇ ಗಳಿಗೆಯಲ್ಲಿ ನೋಡುಗರಿಗೆ ಮುಟ್ಟಿಸುವವನು ಎಂಬುದು ಆ ಹೆಸರಿನ ಸರಳ ವಿವರಣೆ. ಶಿವಮೊಗ್ಗ ಜಿಲ್ಲೆಗೆ ಅಂಟಿಕೊಂಡು ಹಾವೇರಿ ಜಿಲ್ಲೆಯ ಅಂಚಿನಲ್ಲಿರುವ ಹಿರೇಕೆರೂರು ತಾಲೂಕಿನಿಂದ ಈ ಕಸುಬಿನಲ್ಲಿ ದೇಶಕ್ಕೆಲ್ಲ ಗೊತ್ತಾದ ಹೆಸರೊಂದು ಹೊರಬರಲಿಲ್ಲ. ಆದರೂ 2018ರಿಂದ 2022ರವರೆಗಿನ ಅವಧಿಯಲ್ಲಿ ಹಿರೇಕೆರೂರು, ಹಾನಗಲ್ಲು, ಶಿಗ್ಗಾವಿ, ಸವಣೂರುಗಳ ಓಣಿಗಳಲ್ಲಿ ರಾತ್ರಿ ಹತ್ತರ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಲೈವ್ ಹೋಗುತ್ತಿದ್ದ ಹುಡುಗರ ಒಂದು ಪೀಳಿಗೆಯೇ ಇತ್ತು. ತಾಲೂಕಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ಈ ಬರಹದ ಲೇಖಕ ಅವರಲ್ಲಿ ಹಲವರನ್ನು ಬೆಳಗಿನ ತರಗತಿಯ ಹಿಂದಿನ ಬೆಂಚಿನಲ್ಲಿ ನಿದ್ದೆಗಣ್ಣಿನಲ್ಲಿ ಕಂಡವನು. ಯಶಸ್ಸಿನ ಚರಿತ್ರೆ ಬರೆಯುವವರಿಗೆ ಈ ಹುಡುಗರು ಬೇಕಾಗುವುದಿಲ್ಲ, ಕಸುಬಿನ ಚರಿತ್ರೆ ಬರೆಯುವವರಿಗೆ ಬೇಕಾಗುತ್ತಾರೆ.

ಇನ್ನೊಬ್ಬರು ಆಡುವುದನ್ನು ನೋಡುತ್ತ ಕೂರುವುದರಲ್ಲಿ ಏನು ಸುಖವಿದೆ ಎಂಬ ಪ್ರಶ್ನೆಯನ್ನು ಹಿರಿಯರು ಪದೇ ಪದೇ ಕೇಳುತ್ತಿದ್ದರು. ಪ್ರಶ್ನೆ ಕೇಳಿದವರೇ ಕಬಡ್ಡಿ ಪಂದ್ಯಕ್ಕೂ ಹೋರಿ ಹಬ್ಬಕ್ಕೂ ಹೊಲದ ಕೆಲಸ ಬಿಟ್ಟು ಹೋಗುವವರಾಗಿದ್ದರಿಂದ ಉತ್ತರ ಅವರ ಬಳಿಯೇ ಇತ್ತು. ಟೀವಿಗೆ ಜೋಡಿಸುವ ಕ್ಯಾಸೆಟ್ಟಿನ ಮಾರಿಯೋ, ಕಾಂಟ್ರಾ ಆಟಗಳ ಕಾಲದಲ್ಲೂ ತಾಸಿನ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಆಡುತ್ತಿದ್ದವರು ಇಬ್ಬರಾದರೆ ಅವರ ಬೆನ್ನಿಗೆ ಆತು ನಿಂತು ಸಲಹೆ ಕೊಡುತ್ತಿದ್ದವರು ಅಂಗಡಿಯ ತುಂಬ ಇರುತ್ತಿದ್ದರು. ಬೆನ್ನಿಗೆ ನಿಲ್ಲುವ ಈ ಚಟಕ್ಕೆ ಮಾರುಕಟ್ಟೆ ಕಟ್ಟಿದವರು ಅಮೆರಿಕದವರು. 2007ರಲ್ಲಿ ಜಸ್ಟಿನ್ ಕಾನ್ ಎಂಬ ಯುವಕ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟೊಪ್ಪಿಗೆಗೆ ಕ್ಯಾಮೆರಾ ಸಿಕ್ಕಿಸಿಕೊಂಡು ತನ್ನ ದಿನಚರಿಯನ್ನೇ ಪ್ರಸಾರ ಮಾಡಲು ಹೊರಟ; ಜಸ್ಟಿನ್ ಟೀವಿ ಎಂಬ ಆ ತಾಣದಲ್ಲಿ ಬೇರೆಲ್ಲಕ್ಕಿಂತ ಆಟಗಳ ಪ್ರಸಾರಕ್ಕೇ ಜನ ಮುಗಿಬಿದ್ದುದನ್ನು ಕಂಡು 2011ರಲ್ಲಿ ಆಟಗಳಿಗಾಗಿಯೇ ಟ್ವಿಚ್ ಎಂಬ ತಾಣವನ್ನು ಬೇರ್ಪಡಿಸಲಾಯಿತು; 2014ರ ಆಗಸ್ಟ್‌ನಲ್ಲಿ ಅಮೆಜಾನ್ ಕಂಪನಿ ಅದನ್ನು 97 ಕೋಟಿ ಡಾಲರ್‌ಗೆ ಕೊಂಡಿತು. ಅಂದರೆ ಹಿರೇಕೆರೂರಿನ ಹುಡುಗರಿಗೆ ಸ್ಟ್ರೀಮಿಂಗ್ ಎಂಬ ಹೆಸರು ಕಿವಿಗೆ ಬೀಳುವ ಹೊತ್ತಿಗೆ ಬೇರೆಡೆ ಅದು ಭಾರೀ ಬಂಡವಾಳದ ಉದ್ಯಮವಾಗಿತ್ತು.

ಇಲ್ಲಿಗೆ ಅದು ಬಂದದ್ದು ಎರಡು ಮೆಟ್ಟಿಲಲ್ಲಿ. 2016ರ ಸೆಪ್ಟೆಂಬರ್ 5ರಂದು ಜಿಯೋ ಸೇವೆ ಆರಂಭವಾಗಿ, ತಿಂಗಳಿಗೆ ಒಂದು ಜಿಬಿಯನ್ನು ಗುಟುಕು ಗುಟುಕಾಗಿ ಬಳಸುತ್ತಿದ್ದ ಮನೆಗಳಿಗೆ ದಿನಕ್ಕೇ ಅಷ್ಟು ಡೇಟಾ ಸಿಗತೊಡಗಿತು. 2018ರಲ್ಲಿ ಪಬ್‌ಜಿ ಮೊಬೈಲ್ ಬಂತು. ನೂರು ಜನ ಆಟಗಾರರು ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕಿ, ಸಿಕ್ಕ ಆಯುಧ ಹಿಡಿದು, ಗಳಿಗೆ ಗಳಿಗೆಗೂ ಕಿರಿದಾಗುವ ವರ್ತುಲದೊಳಗೆ ಓಡುತ್ತ, ಕೊನೆಗೆ ಉಳಿದವರು ಗೆದ್ದಂತೆ ಎಂಬುದು ಅದರ ಕಟ್ಟಳೆ. ಕಂಪ್ಯೂಟರೂ ಬೇಡ, ದುಬಾರಿ ಯಂತ್ರವೂ ಬೇಡ, ಹತ್ತು ಹನ್ನೆರಡು ಸಾವಿರದ ಮೊಬೈಲು ಸಾಕು ಎಂಬ ಒಂದೇ ಗುಣದಿಂದ ಅದು ಗೋವಿನಜೋಳ, ಹತ್ತಿ ಬೆಳೆಯುವ ಮನೆಗಳ ಒಳಗೂ ಹೊಕ್ಕಿತು. ಸೆನ್ಸರ್ ಟವರ್ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಸರ್ಕಾರ ಆ ಆಟವನ್ನು ನಿಷೇಧಿಸುವ ಹೊತ್ತಿಗೆ ಭಾರತದಲ್ಲಿ ಅದರ ಡೌನ್‌ಲೋಡ್ 17 ಕೋಟಿಯನ್ನು ದಾಟಿತ್ತು. ಮುಂಬೈನ ಆದಿತ್ಯ ಸಾವಂತ್ 'ಡೈನಮೋ' ಎಂಬ ಹೆಸರಿನಿಂದಲೂ, ನಮನ್ ಮಾಥುರ್ 'ಮಾರ್ಟಲ್' ಎಂಬ ಹೆಸರಿನಿಂದಲೂ ಮನೆಮಾತಾದದ್ದು ಇದೇ ಆಟದಿಂದ. ಮಾಸೂರಿನ ಪಾನ್ ಅಂಗಡಿಯ ಕಟ್ಟೆಯಲ್ಲಿ ಹಿಂದಿಯನ್ನು ತಡವರಿಸಿ ಮಾತಾಡುವ ಹುಡುಗರೂ ಡೈನಮೋನ ಹಿಂದಿಯನ್ನು ಉರು ಹೊಡೆದು ಒಪ್ಪಿಸುತ್ತಿದ್ದರು.

ನೋಡುತ್ತಿದ್ದವರಲ್ಲಿ ಕೆಲವರಿಗೆ ತಾವೂ ಏಕೆ ತೋರಿಸಬಾರದು ಅನ್ನಿಸಿದ್ದು ಸಹಜ. ತೋರಿಸುವುದಕ್ಕೆ ಬೇಕಾದ ಸಲಕರಣೆಯ ಪಟ್ಟಿ ದೊಡ್ಡದಿರಲಿಲ್ಲ, ಒಂದೊಂದಕ್ಕೂ ತೊಡಕು ಮಾತ್ರ ದೊಡ್ಡದಿತ್ತು. ಮೊಬೈಲಿನಿಂದ ನೇರವಾಗಿ ಯೂಟ್ಯೂಬ್ ಲೈವ್ ಹೋಗಲು ಆಗ ಚಾನೆಲ್‌ಗೆ ಸಾವಿರ ಚಂದಾದಾರರಿರಬೇಕಿತ್ತು. ಹಾಗಾಗಿ ಹೊಸಬರು ಓಮ್ಲೆಟ್ ಆರ್ಕೇಡ್ ಎಂಬ ಆ್ಯಪ್‌ನ ಮೂಲಕ ಸುತ್ತುದಾರಿ ಹಿಡಿಯುತ್ತಿದ್ದರು. ಆಟ ನಡೆಸುವುದು, ಪರದೆಯನ್ನು ಚಿತ್ರೀಕರಿಸುವುದು, ಅದನ್ನು ಅಂತರ್ಜಾಲಕ್ಕೆ ಕಳಿಸುವುದು ಈ ಮೂರೂ ಹೊರೆ ಒಂದೇ ಮೊಬೈಲಿನ ಮೇಲೆ ಬಿದ್ದು ಅದು ಅರ್ಧ ತಾಸಿಗೇ ಕೈ ಸುಡುವಷ್ಟು ಕಾಯುತ್ತಿತ್ತು. ಡೇಟಾ ಅಗ್ಗವಾದದ್ದು ಇಳಿಸಿಕೊಳ್ಳುವವರಿಗೆ; ಮೇಲಕ್ಕೆ ಕಳಿಸುವವರಿಗೆ, ಅಂದರೆ ಅಪ್‌ಲೋಡ್ ಮಾಡುವವರಿಗೆ, ಲೆಕ್ಕವೇ ಬೇರೆ. ಮಸುಕಿಲ್ಲದ ಚಿತ್ರ ತಡೆಯಿಲ್ಲದೆ ಹೋಗಬೇಕಾದರೆ ಸೆಕೆಂಡಿಗೆ ಎರಡರಿಂದ ನಾಲ್ಕು ಮೆಗಾಬಿಟ್ ವೇಗ ಸತತವಾಗಿ ಬೇಕು; ಟವರಿನ ಮೇಲೆ ಊರಿನ ಎಲ್ಲರ ಭಾರವೂ ಬೀಳುವ ಸಂಜೆಯ ಹೊತ್ತಿನಲ್ಲಿ ಅದು ಸಿಗುತ್ತಿರಲಿಲ್ಲ. ಈ ಹುಡುಗರು ನಿಶಾಚರರಾದದ್ದಕ್ಕೆ ಮನೆಯವರು ಹೇಳುತ್ತಿದ್ದ ಕಾರಣ ಶೋಕಿ. ನಿಜವಾದ ಕಾರಣ ಟವರು.

ಇಂಥ ಒಬ್ಬ ಹುಡುಗನ ಕೋಣೆಯನ್ನು ಲೇಖಕ ಹತ್ತಿರದಿಂದ ಕಂಡಿದ್ದ. ಹಿತ್ತಲ ಕಡೆಯ ಆ ಕೋಣೆಯ ಮೂರು ಗೋಡೆಗಳಿಗೂ ಗೋವಿನಜೋಳದ ಚೀಲಗಳನ್ನು ಆಳೆತ್ತರಕ್ಕೆ ಒಟ್ಟಿದ್ದರು. ಬೆಲೆ ಬರಲೆಂದು ತಂದೆ ಕಾಯ್ದಿರಿಸಿದ್ದ ಆ ಚೀಲಗಳು ಮಗನ ದನಿಯ ಗುಂಗನ್ನು ನುಂಗಿ, ಸಾವಿರಾರು ರೂಪಾಯಿ ಸುರಿದು ಮಾಡಿಸುವ ಧ್ವನಿನಿರೋಧಕ ಗೋಡೆಯ ಕೆಲಸವನ್ನು ಪುಕ್ಕಟೆ ಮಾಡುತ್ತಿದ್ದವು. ಮೊಬೈಲನ್ನು ಸ್ಟೀಲಿನ ತಾಟಿಗೆ ಆನಿಸಿ, ಅದರ ಬೆನ್ನಿಗೆ ಸಣ್ಣ ಫ್ಯಾನ್ ಇಟ್ಟು, ಕರೆಂಟು ಕೈಕೊಟ್ಟಾಗ ನೆಟ್ ಹೋಗದಿರಲೆಂದು ರೌಟರಿಗೆ ಹಳೆಯ ಬೈಕಿನ ಬ್ಯಾಟರಿಯಿಂದ ವೈರು ಎಳೆದಿದ್ದ. ಚೀಲಗಳು ಮಾರಾಟವಾಗಿ ಎಪಿಎಂಸಿಗೆ ಹೋದ ವಾರ ಅವನ ದನಿ ಖಾಲಿ ಕೊಡದೊಳಗಿಂದ ಬಂದಂತಿದೆ ಎಂದು ನೋಡುಗರು ದೂರಿದ್ದರಂತೆ.

ಇಷ್ಟೆಲ್ಲ ಹೊಂದಿಸಿಕೊಂಡ ಮೇಲೆ ಕಸುಬಿನ ತಿರುಳು ಎದುರಾಗುತ್ತಿತ್ತು. ಆ ತಿರುಳು ಮಾತು. ಚೆನ್ನಾಗಿ ಗುಂಡು ಹೊಡೆಯುವವರು ಓಣಿಗೆ ನಾಲ್ಕು ಜನ ಸಿಗುತ್ತಿದ್ದರು, ಆದರೆ ಆಟದಲ್ಲಿ ಏನೂ ನಡೆಯದ ಹತ್ತು ನಿಮಿಷಗಳನ್ನು ಮಾತಿನಿಂದ ತುಂಬಬಲ್ಲವನು ಊರಿಗೊಬ್ಬ ಸಿಕ್ಕರೆ ಹೆಚ್ಚು. ಪಬ್‌ಜಿಯ ಒಂದು ಪಂದ್ಯ ಸುಮಾರು ಅರ್ಧ ತಾಸಿನದು. ಅದರಲ್ಲಿ ಕಾಳಗ ನಡೆಯುವುದು ಕೆಲವೇ ನಿಮಿಷ, ಮಿಕ್ಕಿದ್ದೆಲ್ಲ ಓಡುವುದು, ಅಡಗುವುದು, ಹುಡುಕುವುದು. ಆ ಖಾಲಿ ಹೊತ್ತಿನಲ್ಲಿ ಪರದೆಯ ಪಕ್ಕ ಹರಿದುಬರುವ ನೋಡುಗರ ಬರಹಗಳನ್ನು ಓದಿ, ಹೆಸರು ಹಿಡಿದು ಮಾತಾಡಿಸಿ, ಊಟವಾಯಿತೇ ಎಂದು ಕೇಳಿ, ಬೈಯುವವನಿಗೆ ಬೈಗುಳ ತಾಗದಂತೆ ಉತ್ತರ ಕೊಟ್ಟು, ಅದೇ ಹೊತ್ತಿಗೆ ಕಲ್ಲಿನ ಮರೆಯ ವೈರಿಯ ಮೇಲೂ ಕಣ್ಣಿಟ್ಟಿರುವುದು ಸಣ್ಣ ವಿದ್ಯೆಯಲ್ಲ. ದೊಡ್ಡ ಸ್ಟ್ರೀಮರ್‌ಗಳ ಹೆಸರಿನ ಹಿಂದೆ ಇರುವುದೂ ಬಹುಮಟ್ಟಿಗೆ ಇದೇ. ಮುಖವನ್ನೇ ತೋರಿಸದೆ 'ಅಜ್ಜು ಭಾಯ್' ಎಂಬ ಹೆಸರಿನಿಂದ ಟೋಟಲ್ ಗೇಮಿಂಗ್ ಎಂಬ ಚಾನೆಲನ್ನು ಕೋಟಿಗಟ್ಟಲೆ ಚಂದಾದಾರರವರೆಗೆ ಬೆಳೆಸಿದ ಗುಜರಾತಿನ ಯುವಕ ದನಿಯೊಂದರಿಂದಲೇ ವರ್ಷಗಳ ಕಾಲ ಜನರನ್ನು ಹಿಡಿದಿಟ್ಟ.

ಹಿರೇಕೆರೂರಿನ ಹುಡುಗರು ಮೊದಮೊದಲು ಹಿಂದಿಯಲ್ಲಿ ಮಾತಾಡಲು ಹೋದರು. ನೋಡುಗರ ಸಂಖ್ಯೆ ಇರುವುದು ಅಲ್ಲೇ ಎಂಬುದು ಲೆಕ್ಕಾಚಾರ, ಆದರೆ ವೈರಿ ಎದುರಾದ ಕೂಡಲೇ ಹಿಂದಿ ಕೈಕೊಡುತ್ತಿತ್ತು. ಬಳಿಕ ಸಿನಿಮಾದ ಬೆಂಗಳೂರು ಕನ್ನಡವನ್ನು ಪ್ರಯತ್ನಿಸಿದರು. ಅದು ಬಾಯಿಗೆ ಹೊಂದಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ಮನೆಯ ಮಾತಿಗೇ ಇಳಿದಾಗ ಪ್ರಸಾರಕ್ಕೆ ಜೀವ ಬಂತು. "ಮನಿ ಹಿಂದ ಇಬ್ರು ಅದಾರಲೇ, ನೀ ಮಾಳಿಗಿ ಹತ್ತು, ನಾ ಗ್ವಾಡಿ ಮರಿಗೆ ನಿಂದರ್ತೀನಿ" ಎಂಬಂಥ ಆಜ್ಞೆಗಳು, ಗೆಳೆಯ ಸತ್ತಾಗ "ಹೋತು, ನಮ್ಮ ಎತ್ತು ಒಂದು ಬಿತ್ತು" ಎಂಬ ಉದ್ಗಾರಗಳು ಆ ರಾತ್ರಿಗಳ ತುಂಬ ಇದ್ದವು. ಎರಾಂಗೆಲ್ ಎಂಬ ಆ ಕಲ್ಪಿತ ದ್ವೀಪದ ಜಾಗಗಳಿಗೂ ಇಲ್ಲಿನ ಹೆಸರು ಬಿದ್ದವು: ಸಾಲು ಗೋದಾಮುಗಳಿರುವ ಕಡೆ ಎಪಿಎಂಸಿ ಆಯಿತು, ದಕ್ಷಿಣದ ನಡುಗಡ್ಡೆಗೆ ದಾಟಿಸುವ ಸೇತುವೆ ಕುಮದ್ವತಿಯ ಮೇಲಿನ ರಟ್ಟೀಹಳ್ಳಿ ಸೇತುವೆಯಾಯಿತು. ಸವಣೂರಿನ ಕಡೆಯ ಹುಡುಗರು ಸೇರಿಕೊಂಡಾಗ ಉರ್ದು ಬೆರೆತ ಅಲ್ಲಿನ ಮಾತೂ, ಹಾನಗಲ್ಲಿನ ಕಡೆಯವರು ಬಂದಾಗ ಮಲೆನಾಡಿನ ಅಂಚಿನ ಎಳೆದಾಟವೂ ಕೂಡಿ, ಒಂದೇ ಪ್ರಸಾರದಲ್ಲಿ ನಾಲ್ಕು ತಾಲೂಕಿನ ಆಡುಮಾತು ಕೇಳಿಸುತ್ತಿತ್ತು. ಕೊಲ್ಲಿ ದೇಶಗಳಲ್ಲಿ, ಬೆಂಗಳೂರಿನ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಕುಳಿತ ಇಲ್ಲಿನವರು ಆಟವನ್ನು ಬಿಟ್ಟು ಮಾತನ್ನು ಕೇಳಲೆಂದೇ ಲೈವ್ ಹಚ್ಚುತ್ತಿದ್ದರು ಎಂಬುದು ಅವರು ಬರೆಯುತ್ತಿದ್ದ ಸಾಲುಗಳಿಂದಲೇ ತಿಳಿಯುತ್ತಿತ್ತು.

ಹೆಣ್ಣುಮಕ್ಕಳು ಆಡಲಿಲ್ಲವೆಂದಲ್ಲ, ಆಡುವಾಗ ಮೈಕ್ ಬಂದ್ ಮಾಡಿ, ಗಂಡು ಹೆಸರಿಟ್ಟುಕೊಂಡು ಆಡಿದರು. ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯ ಸಣ್ಣ ಊರಿನಿಂದ ಬಂದ ಪಾಯಲ್ ಧಾರೆ ದೇಶದ ಮುಂಚೂಣಿಯ ಸ್ಟ್ರೀಮರ್ ಆಗಿ, 2024ರ ಏಪ್ರಿಲ್‌ನಲ್ಲಿ ಪ್ರಧಾನಿ ಆಟಗಾರರನ್ನು ಕರೆಸಿ ಮಾತಾಡಿದಾಗ ಆ ಗುಂಪಿನಲ್ಲಿದ್ದರು ಎಂಬುದನ್ನು ನೆನೆದರೆ, ಈ ಸೀಮೆಯಲ್ಲಿ ಸುಮ್ಮನಾದ ದನಿಗಳ ಬಗ್ಗೆ ಬೇಸರವಾಗದಿರದು.

ಇನ್ನು ಹಣದ ಮಾತು. ಯೂಟ್ಯೂಬ್ 2018ರ ಆರಂಭದಲ್ಲಿ ತಂದ ನಿಯಮದಂತೆ ಸಾವಿರ ಚಂದಾದಾರರು ಮತ್ತು ಒಂದು ವರ್ಷದೊಳಗೆ ನಾಲ್ಕು ಸಾವಿರ ತಾಸುಗಳ ವೀಕ್ಷಣೆ ಎರಡೂ ಕೂಡದ ಹೊರತು ಚಾನೆಲ್‌ಗೆ ಜಾಹೀರಾತಿನ ಬಿಡಿಗಾಸೂ ಬರುತ್ತಿರಲಿಲ್ಲ. ಅದು ಕೂಡಿದ ಮೇಲೆ ಜಾಹೀರಾತಿನ ಆದಾಯದಲ್ಲಿ ನೂರಕ್ಕೆ 55 ಭಾಗ ಚಾನೆಲ್‌ನವರಿಗೆ, ಉಳಿದದ್ದು ಕಂಪನಿಗೆ. ಸೂಪರ್ ಚಾಟ್ ಎಂಬುದು ಇನ್ನೊಂದು ದಾರಿ: ನೋಡುಗನೊಬ್ಬ ಹಣ ತೆತ್ತು ತನ್ನ ಸಾಲನ್ನು ಬಣ್ಣದ ಚೌಕದಲ್ಲಿ ಎದ್ದು ಕಾಣುವಂತೆ ಮಾಡಿದರೆ ಸ್ಟ್ರೀಮರ್ ಅವನ ಹೆಸರು ಕೂಗಿ ಧನ್ಯವಾದ ಹೇಳುತ್ತಾನೆ, ಅದರಲ್ಲಿ ನೂರಕ್ಕೆ 70 ಭಾಗ ಅವನದು. ಬಯಲಾಟದ ನಡುವೆ ಪಾತ್ರಧಾರಿಗೆ ಆಹೇರಿ ಮಾಡಿದವರ ಹೆಸರನ್ನೂ ಮೊತ್ತವನ್ನೂ ಮೈಕಿನಲ್ಲಿ ಸಾರುವ ರೂಢಿಯುಳ್ಳ ಸೀಮೆಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆಹೇರಿಯಲ್ಲಿ ಕಮಿಷನ್ ಮುರಿದುಕೊಳ್ಳುವವರು ಇರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಈ ಹಣ ಬರುವ ಮೊದಲು ಒಂದು ಕಾಗದ ಬರಬೇಕಿತ್ತು. ಜಾಹೀರಾತಿನ ಲೆಕ್ಕ ನೋಡುವ ಗೂಗಲ್ ಆ್ಯಡ್‌ಸೆನ್ಸ್, ಗಳಿಕೆ ಹತ್ತು ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸಿಕೊಳ್ಳಲು ಆರಂಕಿಯ ಪಿನ್ ಸಂಖ್ಯೆಯನ್ನು ಅಂಚೆಯಲ್ಲಿ ಕಳಿಸುತ್ತದೆ. ಲೋಕವನ್ನೆಲ್ಲ ತಂತಿಯಲ್ಲಿ ಕಟ್ಟಿದ ಕಂಪನಿಯೊಂದು ಕಡೆಗೆ ಹಳ್ಳಿಯ ಪೋಸ್ಟ್‌ಮನ್‌ನ ಸೈಕಲ್ಲನ್ನೇ ನಂಬಿದ್ದು ಈ ಕಸುಬಿನ ತಮಾಷೆಗಳಲ್ಲೊಂದು. ಮನೆಗೆ ನಂಬರೇ ಇಲ್ಲದ ಓಣಿಗಳಲ್ಲಿ 'ದುರ್ಗಾದೇವಿ ಗುಡಿ ಹತ್ತಿರ', 'ಹಿಟ್ಟಿನ ಗಿರಣಿ ಹಿಂದೆ' ಎಂದು ವಿಳಾಸ ತುಂಬಿದ ಹುಡುಗರು ವಾರಗಟ್ಟಲೆ ಅಂಚೆ ಕಚೇರಿಗೆ ಎಡತಾಕುತ್ತಿದ್ದರು. ಕಡೆಗೆ ಅಂಚು ಹರಿದು ತೆರೆಯುವ ಆ ಪುಟ್ಟ ಬಿಳಿ ಕಾಗದ ಬಂದಾಗ "ತಮ್ಮಾ, ಇದೇನು ಬ್ಯಾಂಕಿನ ಸಾಲದ ಕಾಗದೇನು?" ಎಂದು ಪೋಸ್ಟ್‌ಮನ್ ಅನುಮಾನದಿಂದ ಕೇಳಿದ್ದನ್ನೂ, ಹುಡುಗ ಅದನ್ನು ಗೆಳೆಯರಿಗೆಲ್ಲ ತೋರಿಸಿ ದೇವರ ಜಗುಲಿಯ ಮೇಲಿಟ್ಟದ್ದನ್ನೂ ಲೇಖಕ ಬಲ್ಲ. ಗಳಿಕೆ ನೂರು ಡಾಲರ್ ಆಗದೆ ಹಣ ಬ್ಯಾಂಕಿಗೆ ಬರುವುದಿಲ್ಲ. ಹತ್ತರ ಕಾಗದ ಕಂಡ ಅನೇಕರು ನೂರರ ಹಣ ಕಾಣಲಿಲ್ಲ.

ಕಾಣದಿದ್ದುದಕ್ಕೆ ಸೋಮಾರಿತನ ಕಾರಣವಲ್ಲ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದು, ಆನ್‌ಲೈನ್ ಪಾಠಕ್ಕೆಂದು ಮನೆಮನೆಗೂ ಮೊಬೈಲ್ ಕೊಂಡಾಗ ನೋಡುಗರ ಸಂಖ್ಯೆ ಏರಿತು; ತಾಲೂಕಿನ ಸ್ಟ್ರೀಮರ್‌ಗಳು ಇದ್ದುದರಲ್ಲಿ ಒಳ್ಳೆಯ ದಿನ ಕಂಡದ್ದು ಆಗಲೇ. ಅದೇ ವರ್ಷ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನ ಅಡಿ ಪಬ್‌ಜಿ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಗಡಿಯ ಬಿಕ್ಕಟ್ಟಿನ ಹೊತ್ತಿನ ಆ ನಿರ್ಧಾರದ ಸರಿ ತಪ್ಪು ಇಲ್ಲಿನ ವಿಷಯವಲ್ಲ. ಎರಡು ವರ್ಷ ರಾತ್ರಿ ಕಳೆದು ಕಟ್ಟಿದ ಚಾನೆಲ್ ಒಂದು ಸಂಜೆಗೆ ಬರಿದಾಯಿತು ಎಂಬುದು ಇಲ್ಲಿನ ವಿಷಯ. ಕೆಲವರು ಫ್ರೀ ಫೈರ್ ಎಂಬ ಇನ್ನೊಂದು ಆಟಕ್ಕೆ ಹೋದರು. 2021ರ ಜುಲೈ 2ರಂದು ಕ್ರಾಫ್ಟನ್ ಕಂಪನಿ ಪಬ್‌ಜಿಯನ್ನೇ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿ ತಂದಾಗ ಹಳಬರು ಹಿಂತಿರುಗಿದರು. 2022ರ ಫೆಬ್ರುವರಿ 14ರಂದು ಫ್ರೀ ಫೈರ್ ನಿಷೇಧವಾಯಿತು. ಅದೇ ವರ್ಷದ ಜುಲೈ 28ರಂದು ಬಿಜಿಎಂಐ ಕೂಡ ಆ್ಯಪ್ ಅಂಗಡಿಗಳಿಂದ ಮಾಯವಾಯಿತು. ಮರಳಿ ಬಂದದ್ದು 2023ರ ಮೇ ಕೊನೆಗೆ, ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ತಾಸು, ಉಳಿದವರಿಗೆ ಆರು ತಾಸು ಎಂಬ ಮಿತಿಯೊಡನೆ.

ಮುಂಬೈನ ದೊಡ್ಡ ಸ್ಟ್ರೀಮರ್‌ಗಳಿಗೆ ತಂಡ, ಪ್ರಾಯೋಜಕ, ಬೇರೆ ಆಟ, ಬೇರೆ ಬಗೆಯ ವಿಡಿಯೋಗಳ ಆಸರೆಯಿತ್ತು. ಅವರಿಗೂ ಈ ಕಸುಬು ಸ್ವಂತ ನೆಲದ್ದಲ್ಲ ಎಂಬುದು ನಿಜವೇ: 2019ರಲ್ಲಿ ಅಮೆರಿಕದ ನಿಂಜಾ ಎಂಬ ಪ್ರಖ್ಯಾತ ಸ್ಟ್ರೀಮರ್ ಟ್ವಿಚ್ ಬಿಟ್ಟು ಮೈಕ್ರೋಸಾಫ್ಟ್‌ನ ಮಿಕ್ಸರ್ ತಾಣಕ್ಕೆ ದೊಡ್ಡ ಒಪ್ಪಂದದ ಮೇಲೆ ಹೋದ ಒಂದೇ ವರ್ಷಕ್ಕೆ, 2020ರ ಜುಲೈನಲ್ಲಿ, ಆ ತಾಣವೇ ಮುಚ್ಚಿಹೋಯಿತು. ಆಟ ಒಬ್ಬರದು, ತಾಣ ಇನ್ನೊಬ್ಬರದು, ಅಪ್ಪಣೆ ಮತ್ತೊಬ್ಬರದು. ಸ್ಟ್ರೀಮರ್‌ನದೆಂದು ಉಳಿಯುವುದು ಗಂಟಲೊಂದೇ. ಕೋರು ಪಾಲಿನ ರೈತನಿಗೂ ಸುಗ್ಗಿಯವರೆಗಾದರೂ ಹೊಲ ಕೈಯಲ್ಲಿರುತ್ತದೆ.

ನೆಲ ಜಾರಿದ ಈ ಹೊತ್ತಿನಲ್ಲೇ ಬಣ್ಣ ಊಹಿಸಿ ಹಣ ಗೆಲ್ಲಿ, ಇಸ್ಪೀಟು ಆಡಿ ಹಣ ಗೆಲ್ಲಿ ಎನ್ನುವ ಆ್ಯಪ್‌ಗಳ ದಲ್ಲಾಳಿಗಳು ಸಣ್ಣ ಚಾನೆಲ್‌ಗಳ ಬಾಗಿಲಿಗೆ ಬಂದರು. ಲೈವ್ ನಡುವೆ ಹೆಸರು ಹೇಳಿ ಕೊಂಡಿ ಹಾಕಿದರೆ, ಆ ಕೊಂಡಿಯಿಂದ ಸೇರಿದ ತಲೆಗಿಷ್ಟೆಂದು ಕಮಿಷನ್. ಜಾಹೀರಾತಿನಿಂದ ತಿಂಗಳಿಗೆ ಬರುತ್ತಿದ್ದುದು ಒಂದು ರಾತ್ರಿಗೆ ಬಂದಾಗ ಒಲ್ಲೆ ಎಂದವರು ಕಡಿಮೆ. ಹಣ ಕಳೆದುಕೊಂಡ ಕೇಳುಗರು ಪರಸ್ಥಳದವರಲ್ಲ, ಇದೇ ಓಣಿಗಳವರು. ಈ ಒಂದು ಸಂಗತಿಯನ್ನು ಬಡತನದ ನೆಪ ಹೇಳಿ ಮನ್ನಿಸಲಾಗದು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿ, ಇ-ಸ್ಪೋರ್ಟ್ಸ್ ಅಂದರೆ ಸ್ಪರ್ಧೆಯಾಗಿ ಆಡುವ ವಿಡಿಯೋ ಗೇಮನ್ನು ಬೇರೆಯಾಗಿ ಗುರುತಿಸಿತು. ಜಾಹೀರಾತು ನೀಡಿದವರಿಗೆ ಎರಡು ವರ್ಷದವರೆಗೆ ಸೆರೆ, 50 ಲಕ್ಷ ರೂಪಾಯಿಯವರೆಗೆ ದಂಡ ಎಂಬ ಕಲಮು ಅದರಲ್ಲಿದೆ. ಅಷ್ಟು ಹೊತ್ತಿಗೆ ಇಲ್ಲಿನ ಹೆಚ್ಚಿನ ಚಾನೆಲ್‌ಗಳು ತಾವಾಗಿಯೇ ನಿಂತುಹೋಗಿದ್ದವು.

ನಿಂತವರು ಕೈ ಕಟ್ಟಿ ಕೂರಲಿಲ್ಲ. ದೀಪಾವಳಿಯಿಂದ ಮೊದಲಾಗುವ ಹೋರಿ ಹಬ್ಬ, ಅಂದರೆ ಕೊರಳಿಗೆ ಕೊಬ್ಬರಿ ಹಾರ ಕಟ್ಟಿ ಸಿಂಗರಿಸಿ ಓಡಿಸಿದ ಹೋರಿಯನ್ನು ಹಿಡಿದು ಕೊಬ್ಬರಿ ಹರಿಯುವ ಸ್ಪರ್ಧೆ, ಈ ಸೀಮೆಯ ದೊಡ್ಡ ಹುಚ್ಚು. ಹೆಸರಾಂತ ಹೋರಿಗಳಿಗೆ ಅಭಿಮಾನಿ ಬಳಗಗಳಿವೆ, ಬ್ಯಾನರುಗಳಿವೆ. ಆ ಅಖಾಡಗಳ ನೇರ ಪ್ರಸಾರಕ್ಕೆ ಯೂಟ್ಯೂಬಿನಲ್ಲಿ ಈಗ ಬೇಕಾದಷ್ಟು ಚಾನೆಲ್‌ಗಳಿವೆ, ಅವುಗಳಲ್ಲಿ ಕೆಲವನ್ನು ನಡೆಸುವ ಕೈಗಳು ಹಿಂದೆ ಓಮ್ಲೆಟ್ ಆರ್ಕೇಡ್‌ನಲ್ಲಿ ಪಳಗಿದವು. ಟವರ್ ಎಲ್ಲಿ ಚೆನ್ನಾಗಿ ಸಿಗುತ್ತದೆ, ಬಿಸಿಲಿಗೆ ಮೊಬೈಲ್ ಕಾಯದಂತೆ ಏನು ಮಾಡಬೇಕು, ಎರಡು ಹೋರಿಗಳ ನಡುವಿನ ಖಾಲಿ ಹೊತ್ತನ್ನು ಹೇಗೆ ತುಂಬಬೇಕು ಎಂಬುದನ್ನೆಲ್ಲ ಅವರು ರಾತ್ರಿ ಪಾಠಶಾಲೆಯಲ್ಲಿ ಕಲಿತಿದ್ದರು. ಮದುವೆಯ ಲೈವ್, ಜಾತ್ರೆಯ ಲೈವ್, ಸ್ಟುಡಿಯೋಗಳಲ್ಲಿ ವಿಡಿಯೋ ಎಡಿಟಿಂಗ್ ಎಂದು ಇನ್ನು ಕೆಲವರು ಹಂಚಿಹೋದರು. ಜೋಳದ ಚೀಲದ ಕೋಣೆಯ ಹುಡುಗ ಈಗ ಹಾರ್ಡ್‌ವೇರ್ ಅಂಗಡಿಯ ಲೆಕ್ಕ ಬರೆಯುತ್ತಾನೆ, ಆಟದ ಸುದ್ದಿ ತೆಗೆದರೆ ಮಾತು ಬದಲಿಸುತ್ತಾನೆ.

ಬದಲಿಸುವುದಷ್ಟೇ ಆದರೆ ಚಿಂತೆಯಿಲ್ಲ, ಹಲವರು ಚಾನೆಲ್‌ಗಳನ್ನೇ ಅಳಿಸಿಹಾಕುತ್ತಿದ್ದಾರೆ. ಮದುವೆ ಗೊತ್ತಾದ ಹೊತ್ತಿಗೆ, ನೌಕರಿಗೆ ಅರ್ಜಿ ಹಾಕಿದ ಹೊತ್ತಿಗೆ, ಹಳೆಯ ಬೈಗುಳ ಯಾರ ಕಿವಿಗೂ ಬೀಳದಿರಲೆಂದು. ಓಮ್ಲೆಟ್ ಆರ್ಕೇಡ್ 2023ರಲ್ಲಿ ಮುಚ್ಚಿತು. ಯೂಟ್ಯೂಬಿನಲ್ಲಿ ಹನ್ನೆರಡು ತಾಸಿನೊಳಗಿನ ಲೈವ್ ತಾನಾಗಿ ಕಡತವಾಗಿ ಉಳಿಯುವುದರಿಂದ, ಅಳಿಸದೆ ಬಿಟ್ಟವರ ಪ್ರಸಾರಗಳು ಮಾತ್ರ ಈಗಲೂ ಕೇಳಸಿಗುತ್ತವೆ. ಯಾರೂ ಪ್ರಶ್ನಾವಳಿ ಹಿಡಿದು ಕೇಳದೆ, ಯಾರಿಗೂ ತಿದ್ದಿ ಹೇಳದೆ, ನಾಲ್ಕು ತಾಲೂಕಿನ ಹುಡುಗರು ತಾಸುಗಟ್ಟಲೆ ತಮ್ಮೊಳಗೆ ಆಡಿಕೊಂಡ ಮಾತಿನ ಇಂಥ ದಾಖಲೆ ಆಡುನುಡಿಯ ಅಧ್ಯಯನಕಾರರಿಗೆ ಬೇರೆಡೆ ಸಿಗುವುದು ಕಷ್ಟ. ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದು ಇದೇ ಸೀಮೆಯ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ. ಅಲ್ಲಿನ ಸಂಶೋಧನ ವಿದ್ಯಾರ್ಥಿಗಳು ಆಡಿದವರ ಒಪ್ಪಿಗೆ ಪಡೆದು, ಹೆಸರು ಮರೆಮಾಡಿ, ಉಳಿದಿರುವ ಪ್ರಸಾರಗಳನ್ನು ಸಂಗ್ರಹಿಸಿಡಬೇಕು. ಚಾನೆಲ್ ಇಟ್ಟುಕೊಂಡಿರುವ ಹಳೆಯ ಸ್ಟ್ರೀಮರ್‌ಗಳು ಅಲ್ಲಿಯವರೆಗೆ ಅವನ್ನು ಖಾಸಗಿಯಾಗಿ ಮುಚ್ಚಿಡಲಿ, ಅಳಿಸದಿರಲಿ.